ತಂಗಿಯ ಜೊತೆ ವಿಜಯಪುರ

ನನ್ನ ತಂಗಿ ಗೋಲಗುಂಬಜ್ ನೋಡಿದ್ದು ನಲವತ್ತನೆಯ ವಯಸ್ಸಿನಲ್ಲಿ. ಅದನ್ನು ತೋರಿಸುತ್ತೇನೆಂದು ನಾನು ಮಾತು ಕೊಟ್ಟಾಗ ಅವಳಿಗೆ ಏಳು, ನನಗೆ ಹತ್ತು.

ನಮ್ಮ ಊರು ವಿಜಯಪುರದಿಂದ ಮೂರು ಹರದಾರಿ ದೂರ. ಅಜ್ಜಿಯ ಹೊಲದ ಬದುವಿನ ಮೇಲೆ ನಿಂತರೆ, ಮೋಡವಿಲ್ಲದ ದಿನಗಳಲ್ಲಿ, ಗುಮ್ಮಟ ಬೋರಲು ಹಾಕಿದ ಗಡಿಗೆಯಂತೆ ಕಾಣುತ್ತಿತ್ತು. ಅಪ್ಪ ಗೌಂಡಿ. ನಾನು ಇನ್ನೂ ಚಿಕ್ಕವಳಿದ್ದಾಗಲೇ ಅವ್ವನನ್ನು ಕರೆದುಕೊಂಡು ನಾಸಿಕಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮೊಲೆ ಬಿಡದ ತಂಗಿ ಅವರ ಸಂಗಡ ಹೋದಳು, ನಾನು ಅಜ್ಜಿಯ ಹತ್ತಿರ ಉಳಿದೆ. ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಕಲಿತೆ. ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಬಂದು ನನ್ನನ್ನೂ ನಾಸಿಕಕ್ಕೆ ಕರೆದೊಯ್ದ.

ಹಾಗಾಗಿ ನಾವಿಬ್ಬರೂ ಒಂದೇ ತಾಯಿಯ ಮಕ್ಕಳಾಗಿದ್ದರೂ ಬೇರೆ ಬೇರೆ ಊರಿನವರಂತೆ ಇದ್ದೆವು. ಅವಳು ಹುಟ್ಟಿದ ಊರನ್ನು ಕಂಡವಳಲ್ಲ. ಖಡಿಕಲ್ಲಿನ ರಾಶಿ, ಉಸುಕಿನ ರಾಶಿ, ಸೆಂಟ್ರಿಂಗ್ ಬಿದಿರಿಗೆ ಕಟ್ಟಿದ ಕೂಸಿನ ಜೋಳಿಗೆ, ಇವೇ ಅವಳ ಊರು. ನಾನು ನಾಸಿಕಕ್ಕೆ ಬಂದ ಹೊಸದರಲ್ಲಿ ಅವಳು ನನ್ನ ಲಂಗದ ಅಂಚು ಹಿಡಿದುಕೊಂಡೇ ತಿರುಗುತ್ತಿದ್ದಳು. ಸಂಜೆ ಅವ್ವ ಒಲೆ ಹಚ್ಚುವ ಹೊತ್ತಿಗೆ ತಗಡಿನ ಪತ್ರಾ ಶೆಡ್ಡಿನ ಮುಂದೆ ಕುಳಿತು ನಾನು ಅವಳಿಗೆ ಗೋಲಗುಂಬಜದ ಕಥೆ ಹೇಳುತ್ತಿದ್ದೆ. ಒಳಗೆ ನಾನೂ ಹೋದವಳಲ್ಲ. ಆದರೂ ಒಂದು ಗೋಡೆಯ ಹತ್ತಿರ ಪಿಸುಗುಟ್ಟಿದರೆ ಎದುರು ಗೋಡೆಗೆ ಕೇಳುತ್ತದೆ, ಒಮ್ಮೆ ಕೂಗಿದರೆ ಏಳು ಸಲ ಕೂಗುತ್ತದೆ ಎಂದು ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದೆ. ಅವಳು ಬಾಯಿ ತೆರೆದು ಕೇಳುತ್ತಿದ್ದಳು.

"ನನ್ನ ಕರ್ಕೊಂಡ್ ಹೋಗ್ತಿ?"

"ದೊಡ್ಡಾಕಿ ಆಗು. ಇಬ್ರೂ ಹೋಗೂಣು."

ಆಗ ಮನೆಯಲ್ಲಿ ಒಂದು ವರ್ಷದ ತಮ್ಮನೂ ಇದ್ದ. ಅಪ್ಪ ಅವ್ವ ಬೆಳಿಗ್ಗೆ ಸ್ಲ್ಯಾಬಿನ ಮೇಲೆ ಹೋದರೆ ಮಧ್ಯಾಹ್ನ ರೊಟ್ಟಿ ತಿನ್ನಲು ಇಳಿಯುತ್ತಿದ್ದರು. ಅಲ್ಲಿಯವರೆಗೆ ಕೂಸು ನಮ್ಮಿಬ್ಬರ ಪಾಲು. ಹಿರಿಯವಳೆಂದು ಹೆಚ್ಚಾಗಿ ನನ್ನ ಪಾಲು. ನನಗೆ ಅದು ಸೇರುತ್ತಿರಲಿಲ್ಲ. ಊರಲ್ಲಿ ನಾನು ಪಾಟಿ ಚೀಲ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ, ಇಲ್ಲಿ ಟೊಂಕದ ಮೇಲೆ ಕೂಸು ಹೊತ್ತು ಅದರ ಮೂಗು ಒರೆಸುವ ಹುಡುಗಿ. ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು.

ಜೂನ್ ತಿಂಗಳಲ್ಲಿ ಒಂದು ದಿನ ಹತ್ತಿರದ ಮರಾಠಿ ಶಾಲೆಯ ಶಿಕ್ಷಕಿ, ಅಲ್ಲಿನವರ ಮಾತಿನಲ್ಲಿ ಬಾಯಿ, ನಮ್ಮ ಸೈಟಿಗೆ ಬಂದರು. ಕೈಯಲ್ಲಿ ದೊಡ್ಡ ರಿಜಿಸ್ಟರು, ಸೀರೆಯ ಅಂಚಿಗೆಲ್ಲ ಕೆಸರು. ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದರು. ಅಪ್ಪ ಅವ್ವ ಮೇಲೆ ಇದ್ದರು. ಅವತ್ತು ಸ್ಲ್ಯಾಬ್ ಹಾಕುವ ದಿನ, ಮಷಿನ್ನಿನ ಸದ್ದಿಗೆ ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ನಾನೊಬ್ಬಳೇ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ತಂಗಿ ಶೆಡ್ಡಿನ ಹಿಂದೆ ನೀರಿನ ಡ್ರಮ್ಮಿನ ಹತ್ತಿರ ಕೂಸಿನ ಮೈ ತೊಳೆಯುತ್ತಿದ್ದಳು. ಬಾಯಿ ನನ್ನ ಹೆಸರು, ವಯಸ್ಸು, ಎಷ್ಟನೆಯ ಇಯತ್ತೆ ಎಂದೆಲ್ಲ ಕೇಳಿ ಬರೆದುಕೊಂಡರು. ಆಮೇಲೆ ಕೇಳಿದರು, "ಮನೆಯಲ್ಲಿ ಇನ್ನೂ ಯಾರಾದರೂ ಶಾಲೆಗೆ ಹೋಗುವ ವಯಸ್ಸಿನವರು ಇದ್ದಾರಾ?"

ಆ ಒಂದು ಗಳಿಗೆಯಲ್ಲಿ ನಾನು ಏನು ಲೆಕ್ಕ ಹಾಕಿದೆ ಎಂಬುದು ನನಗೆ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಇಬ್ಬರೂ ಶಾಲೆಗೆ ಹೋದರೆ ಕೂಸನ್ನು ನೋಡುವವರು ಯಾರು? ಅವ್ವ ಯಾರನ್ನು ಬಿಡಿಸುತ್ತಾಳೆ? ಹಿರಿಯವಳನ್ನೇ. ಅದಾಗಲೇ ನಾಲ್ಕು ಕಲಿತಿದ್ದೀ, ಸಾಕು ಎನ್ನುತ್ತಾಳೆ.

ನನಗೆ ಮರಾಠಿ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಬಂದಷ್ಟರಲ್ಲೇ ಹೇಳಿದೆ, ಒಬ್ಬ ತಂಗಿ ಇದ್ದಾಳೆ, ಆದರೆ ಅವಳ ಹೆಸರು ಊರ ಶಾಲೆಯಲ್ಲಿದೆ, ದೀಪಾವಳಿ ಆದ ಮೇಲೆ ಊರಿಗೆ ಹೋಗುತ್ತಾಳೆ ಎಂದು.

ಬಾಯಿ "ಬರಂ" ಎಂದು ಒಪ್ಪಿ ತಲೆಯಾಡಿಸಿ ರಿಜಿಸ್ಟರು ಮುಚ್ಚಿದರು.

ಸಂಜೆ ಅಪ್ಪ ಕೈಕಾಲು ತೊಳೆಯುತ್ತ ಕೇಳಿದ, "ಸಣ್ಣಾಕಿ ಹೆಸರು ಬರ್ಕೊಂಡ್ರೇನು?" ನಾನು ಇನ್ನೊಂದು ಸುಳ್ಳು ಹೇಳಿದೆ. "ಸಣ್ಣಾವ್ರಿಗಿ ಈ ವರ್ಷ ಜಾಗಾ ಇಲ್ಲಂತ." ಅಪ್ಪನ ಮುಖದಲ್ಲಿ ಒಂದು ನಿರಾಳ ಕಂಡಿತು. ಮನೆಯ ದೊಡ್ಡ ತೊಡಕೊಂದು ತಾನಾಗಿಯೇ ಬಿಡಿಸಿಕೊಂಡಂತೆ. ಮರುವರ್ಷ ನಾವು ಬೇರೆ ಸೈಟಿಗೆ ಹೋದೆವು. ಅಷ್ಟು ಹೊತ್ತಿಗೆ ತಂಗಿ ಕೂಸನ್ನು ನೋಡುವುದು, ಅಡಿಗೆ ಮಾಡುವುದು ಎಲ್ಲವನ್ನೂ ಕಲಿತಿದ್ದಳು, ಅವಳಿಲ್ಲದೆ ಮನೆ ನಡೆಯುತ್ತಿರಲಿಲ್ಲ. ಹದಿಮೂರಕ್ಕೆ ಅವಳೂ ತಲೆಯ ಮೇಲೆ ಬುಟ್ಟಿ ಹೊತ್ತಳು.

ನಾನು ಓದಿದೆ. ಓದಿ ಶಿಕ್ಷಕಿಯಾದೆ. ಮದುವೆಯಾಗಿ ಸಂಭಾಜಿನಗರಕ್ಕೆ ಬಂದೆ. ಗಂಡನಿಗೆ ಬಿಡಕಿನ್ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ನನಗೆ ಅದೇ ದಾರಿಯಲ್ಲಿ ಒಂದು ಮರಾಠಿ ಶಾಲೆ. ತಂಗಿಯನ್ನು ನಾಸಿಕದಲ್ಲೇ, ನಮ್ಮ ಕಡೆಯವನೇ ಆದ ಕೆಲಸಕ್ಕೆ ಆಳು ಕರೆತರುವ ಒಬ್ಬ ಮುಕಾದಮನಿಗೆ ಕೊಟ್ಟರು. ಅವಳು ಈಗ ಗಂಡನಿಗಿಂತ ಚೆನ್ನಾಗಿ ಆಳುಗಳ ಟೋಳಿ ನಡೆಸುತ್ತಾಳೆ. ಹದಿನೈದು ಹೆಣ್ಣುಮಕ್ಕಳು ಅವಳ ಕೈಕೆಳಗೆ. ಯಾರು ಎಷ್ಟು ದಿನ ಬಂದರು, ಯಾವ ಗೋಡೆಗೆ ಎಷ್ಟು ಇಟ್ಟಿಗೆ ಹೋಯಿತು, ಎಲ್ಲ ಅವಳ ತಲೆಯಲ್ಲೇ ಇರುತ್ತದೆ. ಅವಳಿಗೆ ಒಬ್ಬಳು ಮಗಳು, ನನಗೂ ಒಬ್ಬಳು ಮಗಳು. ಅಪ್ಪ ಹೋಗಿ ಆರು ವರ್ಷವಾಯಿತು. ಅವ್ವ ನಾಸಿಕದಲ್ಲಿ ತಮ್ಮನ ಮನೆಯಲ್ಲಿದ್ದಾಳೆ.

ಇಷ್ಟು ವರ್ಷ ಆ ಸುಳ್ಳು ನನ್ನನ್ನು ಕಾಡಿತು ಎಂದು ಹೇಳಿದರೆ ಅದು ನಿಜವಲ್ಲ. ಎಷ್ಟೋ ವರ್ಷ ನನಗೆ ಅದು ನೆನಪೇ ಆಗಲಿಲ್ಲ. ನೆನಪಾದಾಗ ಮಕ್ಕಳ ಬುದ್ಧಿ ಎಂದು ಬದಿಗೆ ತಳ್ಳಿದೆ. ಆದರೆ ಶಿಕ್ಷಕಿಯಾದ ಮೇಲೆ ಪ್ರತಿ ಜೂನಿನಲ್ಲಿ ನಾನೂ ರಿಜಿಸ್ಟರು ಹಿಡಿದು ಬಿಡಕಿನ್ ಸುತ್ತಲಿನ ಸೈಟುಗಳಿಗೆ ಹೋಗಬೇಕಾಯಿತು. ಹೋದ ವರ್ಷ ಒಂದು ಶೆಡ್ಡಿನಲ್ಲಿ ಕನ್ನಡ ಕೇಳಿಸಿತು. ಹತ್ತು ಹನ್ನೊಂದರ ಹುಡುಗಿ, ಟೊಂಕದ ಮೇಲೆ ಕೂಸು. ಕನ್ನಡದಲ್ಲಿ ಮಾತಾಡಿಸಿದೆ. ಮೊದಲು ಬೆರಗಾದಳು, ಆಮೇಲೆ ನಕ್ಕಳು.

"ಸಾಲಿಗಿ ಬರ್ತಿ?"

"ಬರ್ತೀನ್ರಿ ಬಾಯಿ. ಆದ್ರ ಇವನ್ನ ಯಾರ್ ಹಿಡೀತಾರ್ರಿ?"

ಅವಳ ಹೆಸರು ಬರೆದುಕೊಂಡೆ. ನಾಲ್ಕು ದಿನ ಬಂದಳು, ಕೂಸನ್ನೂ ಕರೆದುಕೊಂಡೇ. ಐದನೆಯ ದಿನ ಬರಲಿಲ್ಲ. ನಾನು ಹುಡುಕಿಕೊಂಡು ಹೋಗುವಷ್ಟರಲ್ಲಿ ಆ ಕುಟುಂಬ ಬೇರೆ ಕಡೆ ಕೆಲಸಕ್ಕೆ ಹೋಗಿತ್ತು. ಅವತ್ತಿನಿಂದ ನನಗೆ ತಂಗಿಯ ಮುಖ ನೋಡಿ ಮಾತಾಡುವುದು ಕಷ್ಟವಾಗತೊಡಗಿತು. ಫೋನಿನಲ್ಲಿ ಅವಳ ದನಿ ಕೇಳಿದರೂ ಏನೋ ನೆಪ ಹೇಳಿ ಬೇಗ ಇಟ್ಟುಬಿಡುತ್ತಿದ್ದೆ.

ಅದೇ ಚಳಿಗಾಲದಲ್ಲಿ ವಿಜಯಪುರದಿಂದ ಸೋದರಮಾವನ ಮೊಮ್ಮಗಳ ಮದುವೆಯ ಕರೆ ಬಂತು. ತಮ್ಮನಿಗೆ ರಜೆ ಇರಲಿಲ್ಲ, ಅವ್ವನಿಗೆ ಅಷ್ಟು ದೂರ ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ನಾನು ತಂಗಿಗೆ ಫೋನು ಮಾಡಿದೆ.

"ಇಬ್ರೂ ಹೋಗೂಣೇನು? ಮದಿವಿ ಆದ್ ಮರುದಿನ ಗೋಲಗುಂಬಜ ನೋಡೂಣು."

"ನಿಂಗ ಇನ್ನಾ ನೆನಪೈತಿ?" ಎಂದಳು. ಅವಳ ದನಿಯಲ್ಲಿನ ಸಂತೋಷ ಕೇಳಿ ನನಗೆ ಅಳು ಬಂದಂತಾಯಿತು. ಅಲ್ಲೇ ನಿಶ್ಚಯಿಸಿದೆ, ಈ ಸಲ ಹೇಳಿಬಿಡಬೇಕು ಎಂದು.

ಅವಳು ನಾಸಿಕದಿಂದ ನನ್ನ ಮನೆಗೆ ಬಂದು ಒಂದು ದಿನ ಇದ್ದಳು. ನನ್ನ ಮಗಳು ಅವಳಿಗೆ ಅಂಟಿಕೊಂಡೇ ಇದ್ದಳು. ಮಗಳ ಮರಾಠಿಗೆ ತಂಗಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಉತ್ತರಿಸುತ್ತಿದ್ದಳು. "ವಾಪಸ್ ಬಂದಾಗ ಎರಡು ದಿನ ಇರಬೇಕು ಮಾವಶೀ, ನಾನು ನಿನಗೆ ನಮ್ಮೂರ ಮಕಬರಾ ತೋರಿಸ್ತೀನಿ" ಎಂದು ಮಗಳು ಚಿಕ್ಕಮ್ಮನಿಂದ ಮಾತು ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಸೋಲಾಪುರದ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ. ದಾರಿಯುದ್ದಕ್ಕೂ ಅವಳು ಕಟ್ಟುತ್ತಿರುವ ಮನೆಗಳನ್ನೇ ನೋಡುತ್ತ, ಆ ಕಾಲಮ್ಮು ಸೊಟ್ಟಗಿದೆ, ಆ ಗೋಡೆಗೆ ನೀರು ಹೊಡೆದಿಲ್ಲ ಎಂದು ಹೇಳುತ್ತಿದ್ದಳು. ಸೋಲಾಪುರದಲ್ಲಿ ಇನ್ನೊಂದು ಬಸ್ಸು. ಭೀಮಾ ನದಿ ದಾಟಿದ ಮೇಲೆ ಎಲ್ಲರ ಬಾಯಲ್ಲೂ ನಮ್ಮ ಮಾತು ಕೇಳಿಸತೊಡಗಿತು. ಅವಳು ಕಂಡಕ್ಟರನ ಹತ್ತಿರ, ಹಿಂದಿನ ಸೀಟಿನ ಮುದುಕಿಯ ಹತ್ತಿರ ಸುಮ್ಮಸುಮ್ಮನೆ ಏನಾದರೂ ಕೇಳುತ್ತಿದ್ದಳು. "ಎಲ್ಲಾರೂ ನಮ್ಹಂಗ ಮಾತಾಡ್ತಾರಲ್ಲ ಅಕ್ಕಾ" ಎಂದು ನಕ್ಕಳು. ಬಸ್ಸಿನಲ್ಲಿ ಹೇಳಬೇಕೆಂದುಕೊಂಡಿದ್ದೆ, ಅವಳ ನಗು ನೋಡಿ ಹೇಳಲಾಗಲಿಲ್ಲ.

ಮದುವೆ ಮುಗಿಯಿತು. ಮರುದಿನ ಮಾವನ ಸೊಸೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿಕೊಟ್ಟಳು. ಇಬ್ಬರೇ ಊರು ನೋಡಲು ಹೊರಟೆವು.

ಮೊದಲು ಬಾರಾಕಮಾನಿಗೆ ಹೋದೆವು. ಛಾವಣಿ ಇಲ್ಲದ ಕರಿಕಲ್ಲಿನ ಕಮಾನುಗಳು ಬಯಲಲ್ಲಿ ಸಾಲಾಗಿ ನಿಂತಿವೆ. ತಂಗಿ ಹೋದವಳೇ ಒಂದು ಕಂಬದ ಮೇಲೆ ಅಂಗೈ ಇಟ್ಟು ಮೇಲಿನವರೆಗೂ ಕಣ್ಣು ಹಾಯಿಸಿದಳು. "ಇಷ್ಟೆತ್ತರಕ್ಕ ಕಲ್ಲು ಹೆಂಗ ಏರಿಸಿದ್ರು? ಹೊತ್ತಾವ್ರು ಯಾರೋ ಏನೋ" ಎಂದಳು. ಆಮೇಲೆ ಹೊರಗಿನ ನೀಲಿ ಬೋರ್ಡಿನ ಮುಂದೆ ಬಂದು ನಿಂತಳು.

"ಏನ್ ಬರದಾರ ಅಕ್ಕಾ?"

ನಾನು ಆಗ ಮೊಬೈಲಿನಲ್ಲಿ ಶಾಲೆಯ ಯಾವುದೋ ಮೆಸೇಜಿಗೆ ಉತ್ತರ ಬರೆಯುತ್ತಿದ್ದೆ. ಬೋರ್ಡಿನ ಮೇಲೆ ಒಮ್ಮೆ ಕಣ್ಣಾಡಿಸಿ, "ಏನಿಲ್ಲ, ಯಾವಾಗ ಕಟ್ಟಿದ್ರು ಅಂತ ಐತಿ" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು ಹುಲ್ಲು ಕೀಳುತ್ತಿದ್ದಳು, ಅವಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು ಮಾತು ಶುರುವಿಟ್ಟುಕೊಂಡಳು. ನಾನು ಮೆಸೇಜು ಮುಗಿಸಿ ತಲೆ ಎತ್ತುವಾಗ ಇಬ್ಬರೂ ಹಳೆಯ ಗೆಳತಿಯರಂತೆ ನಗುತ್ತಿದ್ದರು. ಬರುವಾಗ ತಂಗಿ ನನಗೆ ಕಥೆ ಹೇಳಿದಳು. ಒಬ್ಬ ಸುಲ್ತಾನನಿಗೆ ತನ್ನ ಗೋರಿ ಗೋಲಗುಂಬಜಕ್ಕಿಂತ ದೊಡ್ಡದಾಗಬೇಕೆಂದು ಆಸೆ ಇತ್ತಂತೆ, ಕಮಾನು ಏಳುವಷ್ಟರಲ್ಲಿ ಅವನು ಸತ್ತನಂತೆ, ಕೆಲಸ ಅಲ್ಲಿಗೇ ನಿಂತಿತಂತೆ. ಅದೆಲ್ಲ ಬೋರ್ಡಿನಲ್ಲಿ ಇತ್ತು. ನಾನು ಓದಿದ್ದೆ, ಆದರೆ ಅವಳಿಗೆ ಹೇಳಿರಲಿಲ್ಲ.

ಚಿಕ್ಕಂದಿನಲ್ಲೂ ಹೀಗೆಯೇ ಮಾಡುತ್ತಿದ್ದೆ ಎಂಬುದು ಆಗ ಹೊಳೆಯಿತು. ಶಾಲೆಯಿಂದ ಬಂದ ಕೂಡಲೇ ಅವಳು ನನ್ನ ಪುಸ್ತಕದ ಚಿತ್ರಗಳ ಮೇಲೆ ಬೆರಳಿಟ್ಟು, ಇದೇನು, ಇಲ್ಲಿ ಏನು ಬರೆದಿದೆ ಎಂದು ಕೇಳುತ್ತಿದ್ದಳು. ನಾನು ಏನಿಲ್ಲ ಬಿಡು ಎನ್ನುತ್ತಿದ್ದೆ. ಓದಲಿಕ್ಕಿದೆ, ಮಧ್ಯ ಬರಬೇಡ ಎನ್ನುತ್ತಿದ್ದೆ.

ಗೋಲಗುಂಬಜಕ್ಕೆ ಹೋಗುವ ಹೊತ್ತಿಗೆ ಹನ್ನೊಂದು ದಾಟಿತ್ತು. ಹೊಲದ ಬದುವಿನಿಂದ ಕಂಡ ಆ ಗಡಿಗೆ ಹತ್ತಿರ ಹೋದಷ್ಟೂ ಬೆಳೆಯುತ್ತ ಹೋಗಿ, ಕೊನೆಗೆ ಕತ್ತು ಹಿಂದಕ್ಕೆ ಬಾಗಿಸದೆ ಕಾಣದಂತಾಯಿತು. ಒಳಗೆ ತಂಪು, ಪಾರಿವಾಳಗಳ ಸದ್ದು. ಮೂಲೆಯ ಮಿನಾರಿನ ಒಳಗಿನ ಮೆಟ್ಟಿಲು ಕಡಿದು, ಕತ್ತಲು, ಒಂದೊಂದೂ ಮೊಣಕಾಲೆತ್ತರ. ಮೂರನೆಯ ಅಂತಸ್ತಿಗೆ ನನಗೆ ಏದುಸಿರು ಬಂತು. ಅವಳು ಸೀರೆ ಎತ್ತಿ ಟೊಂಕಕ್ಕೆ ಸಿಗಿಸಿಕೊಂಡು ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. "ತಲಿ ಮ್ಯಾಲ ಬುಟ್ಟಿ ಇಲ್ಲಲ್ಲ, ಏರಾಕ ಏನಾತು?" ಎಂದು ಚೇಷ್ಟೆ ಮಾಡಿದಳು.

ಮೇಲಿನ ಗ್ಯಾಲರಿಯಲ್ಲಿ ಯಾವುದೋ ಶಾಲೆಯ ಮಕ್ಕಳು ಕಿರುಚಿ ಗುಮ್ಮಟವನ್ನೆಲ್ಲ ಸದ್ದಿನಿಂದ ತುಂಬಿದ್ದರು. ಕಾವಲುಗಾರ ಸೀಟಿ ಊದಿ ಊದಿ ಅವರನ್ನು ಕೆಳಗೆ ಕಳಿಸಿದ. ಒಮ್ಮೆಲೇ ಮೌನ ಆವರಿಸಿತು. ತಂಗಿ, "ನೀ ಇಲ್ಲೇ ಕೂಡು" ಎಂದು ನನ್ನನ್ನು ಗೋಡೆಗೆ ಕಿವಿ ಹಚ್ಚಿ ಕೂರಿಸಿ ತಾನು ಗುಂಡಗಿನ ದಾರಿಯಲ್ಲಿ ಸುತ್ತು ಹಾಕಿ ಎದುರು ಬದಿಗೆ ಹೋದಳು. ಅಷ್ಟು ದೂರದಲ್ಲಿ ಅವಳು ಒಂದು ಹಸಿರು ಸೀರೆಯ ಚುಕ್ಕಿಯಾಗಿ ಕಂಡಳು. ಗೋಡೆಯ ಕಡೆಗೆ ಮುಖ ಮಾಡಿ ಮೆಲ್ಲಗೆ ಕರೆದಳು.

"ಅಕ್ಕಾ."

ನನ್ನ ಕಿವಿಯ ಪಕ್ಕದಲ್ಲೇ ಕುಳಿತು ಕರೆದ ಹಾಗಿತ್ತು. ನಾನು ಓ ಎನ್ನಬೇಕಿತ್ತು. ಕೇಳಿಸಲಿಲ್ಲವೇನೋ ಎಂದು ಅವಳು ಮತ್ತೆ ಜೋರಾಗಿ ಕೂಗಿದಳು. ಆ ಕರೆ ಗುಮ್ಮಟದಲ್ಲಿ ಸುತ್ತಿ ಮತ್ತೆ ಮತ್ತೆ ಬಂತು. ನಾನು ಗೋಡೆಗೆ ಮುಖ ಹಚ್ಚಿಕೊಂಡು ಅಳುತ್ತ ಕುಳಿತೆ. ಅವಳು ಓಡುತ್ತಲೇ ಸುತ್ತಿ ಬಂದಳು.

"ಏನಾತ? ಎದಿ ನೋಯಾಕತ್ತೈತೇನು?"

"ಇಲ್ಲ. ಕೆಳಗ ಹೋಗೂಣು ನಡಿ."

ಕೆಳಗೆ ಬಂದು ಹುಲ್ಲುಹಾಸಿನ ಅಂಚಿನ ಬೇವಿನ ಗಿಡದ ಕೆಳಗೆ ಕುಳಿತೆವು. ಅವಳು ನನಗೆ ನೀರು ಕುಡಿಸಿ, ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು. ನಾನು ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಶಾಲೆಯ ಬಾಯಿ ಬಂದಿದ್ದು, ಕೇಳಿದ್ದು, ನಾನು ಹೇಳಿದ್ದು, ಸಂಜೆ ಅಪ್ಪನಿಗೆ ಹೇಳಿದ್ದು. ಹೇಳುವಾಗ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ, ಅವಳ ಕೈಗಳನ್ನೇ ನೋಡುತ್ತಿದ್ದೆ. ಸಿಮೆಂಟಿಗೆ ಬಿರಿದ ಬೆರಳುಗಳು ರೊಟ್ಟಿ ಮುರಿಯುತ್ತಲೇ ಇದ್ದವು.

ನಾನು ಮುಗಿಸಿದ ಮೇಲೆ ಅವಳು ಹೇಳಿದಳು, "ಗೊತ್ತೈತಿ."

"ಏನ್ ಗೊತ್ತೈತಿ?"

"ನಾ ಪತ್ರಾದ ಹಿಂದಽ ಇದ್ನೆಲ್ಲ. ಕೇಳಿಸ್ತು."

ನಾನು ತಲೆ ಎತ್ತಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಗುಮ್ಮಟದ ಕಡೆ ನೋಡುತ್ತಿದ್ದಳು.

"ನೀ ಬರೂದ್ಕಿಂತ ಮೊದಲಽ ನಂಗ ಮರಾಠಿ ಬರ್ತಿತ್ತು. ಕೂಸಿದ್ದಾಗಿಂದ ಅಲ್ಲೇ ಬೆಳದಾಕಿ ನಾ. ನೀ ಏನಂದಿ ಗೊತ್ತೇನು? 'ತೀ ಗಾವಾಲಾ ಜಾತೋ' ಅಂದಿ. 'ಜಾತೇ' ಅನಬೇಕು. ಹುಡುಗೀನ ಹುಡುಗನ್ನ ಮಾಡಿದ್ದಿ. ನಂಗ ನಗಿ ಬಂತು. ಬಾಯಿ ಮುಚ್ಕೊಂಡ್ ನಕ್ಕೆ."

"ಮತ್ತ ಅಪ್ಪಗ ಯಾಕ ಹೇಳ್ಲಿಲ್ಲ?"

"ಏಳು ವರ್ಷದಾಕಿ ಇದ್ದೆ. ಸಾಲಿ ಅಂದ್ರ ಏನ್ ಅಂತ ಗೊತ್ತಿದ್ದಿಲ್ಲ, ಹೊಡೀತಾರ ಅಂತಿದ್ರು. ತಮ್ಮನ ಬಿಟ್ಟು ಹೋಗಾಕ ಮನಸ್ಸೂ ಇದ್ದಿಲ್ಲ. ನೀ ನನ್ನ ಬಿಡಿಸ್ದಿ ಅಂತ ಖುಷಿ ಆತು ನೋಡು ಅವತ್ತ."

ಹಾಗಾದರೆ ಅವಳಿಗೆ ಬೇಜಾರಿಲ್ಲ, ಶಾಲೆ ಅವಳಿಗೇ ಬೇಡವಾಗಿತ್ತು ಎಂದುಕೊಂಡೆ. ಆ ಆಸೆ ಬಹಳ ಹೊತ್ತು ಉಳಿಯಲಿಲ್ಲ.

"ಸಿಟ್ಟು ಆಮ್ಯಾಲ ಬಂತು" ಎಂದಳು. "ಒಂದಽ ಸಲಕ್ಕ ಬರ್ಲಿಲ್ಲ. ಚಾಂದವಡದ್ ಕಥಿ ಹೇಳಿದ್ನೆಲ್ಲ ನಿಂಗ, ನೆನಪೈತಿ?"

ನೆನಪಿತ್ತು. ಹದಿನೈದು ವರ್ಷದ ಹಿಂದಿನ ಮಾತು. ಅವಳ ಗಂಡ ಆಗ ಚಾಂದವಡದಲ್ಲಿ ಈರುಳ್ಳಿ ಗೋದಾಮು ಕಟ್ಟುವ ಕೆಲಸದಲ್ಲಿದ್ದ. ಒಂದು ದಿನ ಮಗಳಿಗೆ ಜ್ವರ ಏರಿತು. ಗಂಡ ಹೊರಗೆ ಹೋಗಿದ್ದ. ಇವಳೊಬ್ಬಳೇ ಕೂಸನ್ನು ಎತ್ತಿಕೊಂಡು ನಾಸಿಕದ ಆಸ್ಪತ್ರೆಗೆಂದು ಬಸ್ ಸ್ಟ್ಯಾಂಡಿಗೆ ಬಂದಳು. ಯಾರೋ ಕೈ ತೋರಿಸಿದ ಬಸ್ಸು ಹತ್ತಿದಳು. ಅದು ದಾಳಿಂಬೆ ತೋಟಗಳ ಸಟಾಣಾ ಕಡೆಗೆ ಹೋಗುವ ಬಸ್ಸು. ಕಂಡಕ್ಟರ್ ಟಿಕೆಟ್ ಕೇಳುವಷ್ಟರಲ್ಲಿ ಊರು ದಾಟಿತ್ತು. ಇಳಿಯಲು ಹೆದರಿ ಸಟಾಣಾದವರೆಗೂ ಹೋದಳು. ಅಲ್ಲೇ ಒಬ್ಬ ಡಾಕ್ಟರು ನೋಡಿದರು, ಮಗು ಉಳಿಯಿತು. ಆಮೇಲೆ ನನ್ನ ಮನೆಗೆ ಬಂದಾಗ ಅವಳು ಇದನ್ನು ನಗಿಸುವ ಹಾಗೆ ಹೇಳಿದ್ದಳು, "ನಾಸಿಕಕ್ಕ ಅಂತ ಹೊಂಟು ದಾಳಿಂಬಿ ತೋಟ ನೋಡ್ಕೊಂಡ್ ಬಂದೆ" ಎಂದು. ನನ್ನ ಗಂಡ ನಕ್ಕಿದ್ದರು. ನಾನೂ ನಕ್ಕಿದ್ದೆ.

"ಆ ಬಸ್ಸಿನ್ಯಾಗ ಕೂಸು ಕೆಂಡ ಆಗಿತ್ತು. ಕಣ್ಣು ಮ್ಯಾಲ ಹೋಗಿದ್ವು. ಬಸ್ಸಿನ ಬೋರ್ಡಿನ ಮ್ಯಾಲ ನಾಕು ಅಕ್ಷರ ಇದ್ವು, ಅಷ್ಟಽ. ಆವಾಗ ನಿನ್ನ ನೆನಸ್ಕೊಂಡೆ ಅಕ್ಕಾ. ಛಲೋ ನೆನಸ್ಕೊಳ್ಳಿಲ್ಲ." ಮಡಿಲಿನ ರೊಟ್ಟಿಯ ಚೂರು ಕೊಡವಿ, "ನೀ ನಕ್ಕಿ ನೋಡು, ಅವತ್ತ ಬಾಳ ಬ್ಯಾಸರಾತು" ಎಂದಳು.

ನಾನು ಅವಳ ಕೈ ಹಿಡಿದೆ. "ನಂಗ ಕ್ಷಮಾ ಮಾಡು."

"ಕ್ಷಮಾ ಅಂದ್ರ ನಾ ಏನ್ ಮಾಡ್ಬೇಕು?"

ಅವಳು ವ್ಯಂಗ್ಯವಾಗಿ ಕೇಳಲಿಲ್ಲ, ನಿಜವಾಗಿಯೇ ಕೇಳಿದಳು. ಏನಾದರೂ ಹೇಳಬೇಕೆಂದು ಹೇಳಿದೆ, "ಈಗರ ಕಲಸ್ತೀನಿ ನಿಂಗ. ರಜಾದಾಗ ಬಂದಿರು, ತಿಂಗಳದಾಗ ಓದಾಕ ಬರ್ತೈತಿ. ನಾ ದಿನಾ ಅದೇ ಕೆಲಸ ಮಾಡ್ತೀನಿ."

ಅವಳು ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಬುತ್ತಿಯ ಬಟ್ಟೆ ಮಡಚಲು. "ಬ್ಯಾಡ. ಕಲಿಯೂದಿದ್ರ ನನ್ ಮಗಳು ಕಲಸ್ತಾಳ. ನೀ ಕಲಸೂದು ನನ್ನ ಸಲುವಾಗಿ ಅಲ್ಲ, ನಿನ್ನ ಸಲುವಾಗಿ."

ಆಮೇಲೆ ಎದ್ದು ಸೀರೆಯ ಹುಲ್ಲು ಕೊಡವಿಕೊಂಡು, "ಅವ್ವಗ ಹೇಳಬ್ಯಾಡ. ತನ್ನದಽ ತಪ್ಪು ಅಂತ ಹಚ್ಕೊಂಡ್ ಕೂಡ್ತಾಳ" ಎಂದಳು.

ಜೋಡಗುಮ್ಮಟ, ತಾಜ್ ಬಾವಡಿ ನೋಡಬೇಕೆಂದಿದ್ದೆವು. ಯಾವುದನ್ನೂ ನೋಡಲಿಲ್ಲ. ಟಾಂಗಾದಲ್ಲಿ ಮಾವನ ಮನೆಗೆ ವಾಪಸಾದೆವು. ಅವಳು ಟಾಂಗಾದವನ ಹತ್ತಿರ ಕುದುರೆಯ ವಯಸ್ಸು ಕೇಳಿದಳು, ಮಾವನ ಮನೆಯಲ್ಲಿ ಎಲ್ಲರ ಸಂಗಡ ಸರಿಯಾಗಿಯೇ ಮಾತಾಡಿದಳು. ಮರುದಿನದ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಕೂಡ ಮಾಡಿದಳು. ಎಲ್ಲ ಸರಿಹೋಯಿತೇನೋ ಎಂದುಕೊಂಡೆ. ಆದರೆ ಸಂಭಾಜಿನಗರದಲ್ಲಿ ಇಳಿದ ಮೇಲೆ ನನ್ನ ಮನೆಗೆ ಬರಲಿಲ್ಲ. ಸೈಟಿನಲ್ಲಿ ಕೆಲಸ ನಿಂತಿದೆ ಎಂದು ಸ್ಟ್ಯಾಂಡಿನಲ್ಲೇ ನಾಸಿಕದ ಬಸ್ಸಿಗೆ ಕಾದಳು. ಬಸ್ಸು ಬಂದಾಗ ನಾನು, "ಇದೇ ಐತಿ, ಹತ್ತು" ಎಂದೆ. ಅವಳು ನನ್ನ ಮಾತು ಕೇಳಿಸದವಳಂತೆ ಪಕ್ಕದವರನ್ನು ಮರಾಠಿಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡು ಹತ್ತಿದಳು.

ಮನೆಯಲ್ಲಿ ಮಗಳು ಬಾಗಿಲಲ್ಲೇ ನಿಂತಿದ್ದಳು. "ಮಾವಶೀ ಕುಠೇ?" ಎಂದು ನನ್ನ ಹಿಂದೆ ಅವಳನ್ನು ಹುಡುಕಿದಳು. ಅವಳಿಗೆ ಕೆಲಸವಿತ್ತು ಎಂದೆ. "ನೀನು ಏನಾದರೂ ಅಂದೆಯಾ?" ಎಂದಳು ಮಗಳು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅದಾಗಿ ವರ್ಷವಾಗುತ್ತ ಬಂತು. ನಾವು ಜಗಳವಾಡಿಲ್ಲ. ಹಬ್ಬಕ್ಕೆ ಅವಳ ಫೋನು ಬರುತ್ತದೆ, ನನ್ನ ಮಗಳ ಪರೀಕ್ಷೆ ವಿಚಾರಿಸುತ್ತಾಳೆ, ಅವ್ವನ ಔಷಧಿಯ ವಿಷಯ ಹೇಳುತ್ತಾಳೆ. ಮಾತು ಮುಗಿದ ಕೂಡಲೇ ಫೋನಿಡುತ್ತಾಳೆ. ಮೊದಲಿನಂತೆ ಸುಮ್ಮನೆ, ಹೇಳಲು ಏನೂ ಇಲ್ಲದೆ ಫೋನು ಮಾಡುವುದಿಲ್ಲ. ಬೇಸಿಗೆಯಲ್ಲಿ ಅವಳು ತನ್ನ ಟೋಳಿಯ ಹೆಂಗಸರನ್ನೆಲ್ಲ ಕರೆದುಕೊಂಡು ವಿಜಯಪುರಕ್ಕೆ ಮತ್ತೆ ಹೋಗಿ ಬಂದಳಂತೆ, ನಾವು ನೋಡದೆ ಬಿಟ್ಟದ್ದನ್ನೆಲ್ಲ ನೋಡಿದಳಂತೆ. ತಮ್ಮ ಹೇಳಿದ.

ಈಗ ಯೋಚಿಸಿದರೆ ನಾನು ಅವಳಿಗೆ ಎರಡು ಸಲ ಅನ್ಯಾಯ ಮಾಡಿದೆ ಅನಿಸುತ್ತದೆ. ಮೊದಲನೆಯದು ಹತ್ತು ವರ್ಷದ ಹುಡುಗಿ ಮಾಡಿದ್ದು. ಎರಡನೆಯದು ನಲವತ್ತಮೂರು ವರ್ಷದ ಹೆಂಗಸು ಮಾಡಿದ್ದು. ಅವಳು ಆ ಮಾತನ್ನು ಮೂವತ್ತಮೂರು ವರ್ಷ ಒಬ್ಬಳೇ ಇಟ್ಟುಕೊಂಡು ನನ್ನನ್ನು ಅಕ್ಕನಾಗಿಯೇ ಉಳಿಸಿಕೊಂಡಿದ್ದಳು. ನಾನು ಅದನ್ನು ಮರೆತಿದ್ದೇನೆ ಎಂದುಕೊಂಡು ನನ್ನನ್ನು ಪ್ರೀತಿಸುವುದು ಅವಳಿಗೆ ಸಾಧ್ಯವಾಗಿತ್ತು. ನನಗೆ ನೆನಪಿದೆ, ನೆನಪಿದ್ದೂ ಇಷ್ಟು ವರ್ಷ ಸುಮ್ಮನಿದ್ದೆ ಎಂದು ಅವಳಿಗೆ ತಿಳಿದ ಮೇಲೆ ಅದು ಆಗಲಿಲ್ಲ. ನನ್ನ ಎದೆ ಹಗುರಾಗಲೆಂದು ಹೇಳಿದೆ. ಹಗುರಾಗಲೂ ಇಲ್ಲ.

ಹೋದ ತಿಂಗಳು ತಮ್ಮ ನಾಸಿಕದಲ್ಲಿ ಹೊಸ ಮನೆಯ ವಾಸ್ತುಶಾಂತಿ ಮಾಡಿಸಿದ. ಎರಡೇ ಕೋಣೆಯ ಮನೆ, ಆದರೆ ಊರು ಬಿಟ್ಟ ಮೇಲೆ ನಮ್ಮ ಮನೆತನದಲ್ಲಿ ಮೊದಲ ಸ್ವಂತ ಮನೆ. ಗೋಡೆ ಏಳುವಾಗ ನಿಂತು ನೋಡಿಕೊಂಡವಳು ತಂಗಿಯೇ. ಊಟದ ಪಂಕ್ತಿಯಲ್ಲಿ ನಾನು ಅವ್ವನ ಪಕ್ಕ ಕುಳಿತಿದ್ದೆ, ತಂಗಿ ಬಡಿಸುತ್ತಿದ್ದಳು. ಎಲ್ಲರಿಗೂ ಚೇಷ್ಟೆ ಮಾಡುತ್ತ, ಬೇಡವೆಂದವರ ಎಲೆಗೂ ಸುರಿಯುತ್ತ ಬಂದಳು. ನನ್ನ ಎಲೆಯ ಮುಂದೆ ಬಾಗಿದಳು.

"ಇನ್ನೊಂದ್ ಹೋಳಿಗಿ ಹಾಕ್ಲೇನ್ರಿ ಅಕ್ಕಾ? ತಗೊಳ್ರಿ, ನೀವು ಏನೂ ತಿಂದಿಲ್ಲ."

ಕಂಡಾಗಿನಿಂದ ಅವಳು ನನ್ನನ್ನು ನೀ ಎಂದೇ ಮಾತಾಡಿಸಿದವಳು. ಅವ್ವ ತಲೆ ಎತ್ತಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ಹಾಕು ಎಂದೆ. ಅವಳು ಮೇಲೆ ತುಪ್ಪವನ್ನೂ ಹಾಕಿ ಮುಂದಿನ ಎಲೆಗೆ ಹೋದಳು.